ಉಮರೇಡ್‌ಗೆ ಹೋದ ಮಷೀನು

ಮನೀಶ್ ನಗರ, ನಾಗಪುರ
೮ ಜೂನ್ ೨೦೨೫, ಭಾನುವಾರ

ಉಮರೇಡಿನ ಕುಮುದಾ ಅವರಿಗೆ ಭಾನುಮತಿಯ ನಮಸ್ಕಾರ.

ಹೆಸರು ನೋಡಿ ನಿಮಗೆ ಗುರುತು ಸಿಗಲಿಕ್ಕಿಲ್ಲ. ದನಿ ಕೇಳಿದ್ದರೆ ಸಿಗುತ್ತಿತ್ತೇನೋ. ನಾಲ್ಕು ವರ್ಷದ ಹಿಂದೆ, ಕೊರೋನಾದ ಎರಡನೇ ಏಪ್ರಿಲ್‌ನಲ್ಲಿ, ಹೊಂಗೆ ಪ್ರತಿಷ್ಠಾನದಿಂದ ಫೋನ್ ಮಾಡಿ ಆಕ್ಸಿಜನ್ ಮಷೀನಿನ ಫಿಲ್ಟರ್ ತೊಳೆಯುವುದು ಹೇಗೆಂದು ಹೇಳಿಕೊಟ್ಟವಳು ನಾನು. ನೀವು ಮೊದಲ ಮಾತಿಗೇ ನನ್ನನ್ನು ‘ಅಕ್ಕಾರ’ ಎಂದಿರಿ. ಈ ಊರಿನಲ್ಲಿ ಎಲ್ಲರಿಗೂ ನಾನು ಕಾಕೂ, ಇಲ್ಲವೇ ಆಂಟಿ. ಅದಕ್ಕೇ ಆ ಪದ ಕಿವಿಯಲ್ಲಿ ಉಳಿದುಬಿಟ್ಟಿದೆ.

ನಿಮ್ಮ ಮನೆಯನ್ನು ನಾನು ನೋಡಿಲ್ಲ. ಆದರೂ ನಾಲ್ಕು ವರ್ಷದಿಂದ ಮನಸ್ಸಿನಲ್ಲೇ ಅಲ್ಲಿ ಓಡಾಡುತ್ತಿದ್ದೇನೆ. ಮಷೀನನ್ನು ಎಲ್ಲಿಟ್ಟಿದ್ದಿರಿ? ಮಂಚದ ಪಕ್ಕದಲ್ಲೋ, ಕೂಲರ್ ಇರುವ ಕೋಣೆಯಲ್ಲೋ? ಕರೆಂಟು ಹೋದಾಗ ಏನು ಮಾಡಿದಿರಿ? ಕಿಟಕಿ ತೆಗೆದರೆ ಕಲ್ಲಿದ್ದಲು ಗಣಿಯ ಮಣ್ಣಿನ ಗುಡ್ಡ ಕಾಣುತ್ತದೆಯೇ? ಈ ಸಣ್ಣ ಪ್ರಶ್ನೆಗಳ ಹಿಂದೆ ಒಂದು ದೊಡ್ಡದೂ ಇದೆ. ಆ ಮಷೀನಿನಿಂದ ನಿಮ್ಮ ಯಜಮಾನರು ಆನಂದ್ ಉಳಿದರೋ ಇಲ್ಲವೋ, ನನಗೆ ಗೊತ್ತಿಲ್ಲ.

ಗೊತ್ತಿಲ್ಲದೆ ಇರುವುದಕ್ಕೆ ನಮ್ಮ ಯಜಮಾನರೇ ಕಾರಣ. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾನು ಓದಿದ್ದು ಎಸ್ಸೆಸ್ಸೆಲ್ಸಿ ಮಾತ್ರ. ದಿನಚರಿ ಬರೆಯುವ ಅಭ್ಯಾಸವಿದೆ, ಪತ್ರ ಬರೆದು ರೂಢಿಯಿಲ್ಲ. ಉದ್ದವಾದರೆ ಬೇಸರ ಮಾಡಿಕೊಳ್ಳಬೇಡಿ.

ನಮ್ಮವರು ಗುಂಡಪ್ಪ, ಆರ್ಡ್‌ನೆನ್ಸ್ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದರು. ಮೈಸೂರು ಕಡೆಯಿಂದ ವರ್ಗವಾಗಿ ಬಂದ ಫ್ಯಾಕ್ಟರಿಯವರು, ರೈಲ್ವೆಯವರು ಸೇರಿ ಕಟ್ಟಿದ್ದು ಹೊಂಗೆ ಪ್ರತಿಷ್ಠಾನ. ಇಲ್ಲಿನ ಸದರ್ ಬಡಾವಣೆಯಲ್ಲಿ ಒಂದು ಅಂಗಡಿಯ ಮೇಲೆ ಒಂದೇ ಕೋಣೆ. ಪ್ರತಿ ಜುಲೈನಲ್ಲಿ ಸಮಾರಂಭ: ಮಕ್ಕಳಿಗೆ ಪುಸ್ತಕ, ನಾಲ್ಕೈದು ಹೆಂಗಸರಿಗೆ ಹೊಲಿಗೆ ಯಂತ್ರ. ಅದಕ್ಕೆ ನಾಲ್ಕು ಪುಟದ ಅರ್ಜಿ. ಅರ್ಜಿ ಬಂದ ಮೇಲೆ ಇಬ್ಬರು ಹೋಗಿ ಮನೆ ನೋಡಿ ಬರಬೇಕು. ಒಮ್ಮೆ ಒಂದು ಮನೆಯಲ್ಲಿ ಸದಸ್ಯರೊಬ್ಬರು ಫ್ರಿಜ್ಜಿನ ಬಾಗಿಲು ತೆಗೆದು, “ಇದಿದೆಯಲ್ಲ, ಮತ್ತೆ ಬಡತನ ಎಲ್ಲಿ?” ಎಂದರಂತೆ. ಆ ಹೆಂಗಸು, “ಅದು ಕೆಟ್ಟಿದೆ ಸಾಹೇಬ್, ಪಾತ್ರೆ ಇಡುತ್ತೇನೆ,” ಎಂದಳಂತೆ. ಜೊತೆಗೆ ಹೋಗಿದ್ದ ಇವರು ಅಂದು ಮನೆಗೆ ಬಂದು ಊಟ ಮಾಡಲಿಲ್ಲ.

ಮೊದಲ ವರ್ಷದ ಲಾಕ್‌ಡೌನ್‌ನಲ್ಲಿ ಸಮಾರಂಭ ನಿಂತಿತು. ದಿನಸಿ ಹಂಚೋಣ ಎಂದರು. ನಮ್ಮವರೆಲ್ಲ ತಮ್ಮ ಅಡುಗೆಮನೆಯನ್ನೇ ನೆನೆದು ಪಟ್ಟಿ ಮಾಡಿದರು: ಅಕ್ಕಿ, ಬೇಳೆ, ಹುಣಸೆಹಣ್ಣು, ಮನೆಗೆ ಎರಡು ಕಿಲೋ ರಾಗಿ ಹಿಟ್ಟು! ಮಾರನೇ ದಿನ ಇಲ್ಲೇ ಮನೀಶ್ ನಗರದ ಕಟ್ಟಡವೊಂದರ ವಾಚ್‌ಮನ್ ಹೆಂಡತಿ ಫೋನ್ ಮಾಡಿದಳು. “ಆಂಟಿ, ಯೇ ಚಾಕ್ಲೇಟ್‌ವಾಲಾ ಆಟಾ ಕೈಸೇ ಬನಾತೇ? ರೋಟಿ ಟೂಟ್ ಜಾತೀ ಹೈ.” ಚಾಕ್ಲೇಟ್ ಬಣ್ಣದ ಈ ಹಿಟ್ಟಿನಲ್ಲಿ ರೊಟ್ಟಿ ತಟ್ಟಿದರೆ ಮುರಿದು ಹೋಗುತ್ತದಂತೆ. ನನಗೆ ನಗು ತಡೆಯಲಾಗಲಿಲ್ಲ. ಅವಳಿಗೆ ಮುದ್ದೆ ಮಾಡುವುದನ್ನು ಹಿಂದಿಯಲ್ಲಿ ವಿವರಿಸಿದೆ. ಎಲ್ಲ ಕೇಳಿಸಿಕೊಂಡು ಅವಳು ಮೆಲ್ಲಗೆ ಹೇಳಿದಳು, ಮನೆಯಲ್ಲಿ ಗೋಧಿ ಹಿಟ್ಟು ಇನ್ನೂ ಉಳಿದಿದೆ, ಗ್ಯಾಸ್ ಮುಗಿದು ಮೂರು ದಿನವಾಯಿತು, ಇಟ್ಟಿಗೆ ಒಲೆಯಲ್ಲಿ ಹಲಗೆ ಚೂರು ಉರಿಸುತ್ತಿದ್ದೇನೆ ಎಂದು. ಇವರು ಪಕ್ಕದಲ್ಲೇ ಕುಳಿತಿದ್ದರು. “ನೋಡು ಭಾನು, ನಾವು ಕೇಳಲೇ ಇಲ್ಲ,” ಎಂದರು.

ಅಂದಿನಿಂದ ಫೋನ್ ಕೆಲಸ ನನ್ನದಾಯಿತು. ಏನು ಬೇಕೆಂದು ಕೇಳುವುದು, ಅದನ್ನೇ ಕೊಡುವುದು. ಯಾರಿಗೋ ಸಿಲಿಂಡರ್, ಯಾರಿಗೋ ಸಕ್ಕರೆ ಕಾಯಿಲೆಯ ಮಾತ್ರೆ, ಒಬ್ಬಳಿಗೆ ಊರಿಗೆ ಮಾತಾಡಲು ಫೋನ್ ರೀಚಾರ್ಜ್. ಇವರು ನಾಲ್ಕು ಪುಟದ ಅರ್ಜಿಯನ್ನು ಮೂರು ಸಾಲಿಗೆ ಇಳಿಸಿದರು. ಹೆಸರು, ಫೋನ್, ವಿಳಾಸ. ಕೊಡುವ ಮುಂಚೆ ಕೇಳಬೇಕು, ಕೊಟ್ಟ ಮೇಲೆ ಏನೂ ಕೇಳಬಾರದು ಎಂಬುದು ಅವರ ಹಟ.

ಎರಡನೇ ವರ್ಷ ಪ್ರತಿಷ್ಠಾನ ಎರಡು ಆಕ್ಸಿಜನ್ ಮಷೀನು ತಂದಿತು. ಒಂದು ಮನೆಗೆ ಹತ್ತು ದಿನ. ಮಧ್ಯದಲ್ಲಿ ವಾಪಸು ಕೇಳುವಂತಿಲ್ಲ. ಪ್ರತಿಷ್ಠಾನದವರ ಮನೆಯ ಸರದಿ ಎಲ್ಲರಿಗಿಂತ ಕೊನೆಗೆ. ಈ ಕೊನೆಯ ನಿಯಮಕ್ಕೆ ಇವರ ಗೆಳೆಯ, ರೈಲ್ವೆಯ ಬಾಲಸುಬ್ರಹ್ಮಣ್ಯ ಜಗಳವಾಡಿದ್ದರು. “ಒಂದನ್ನ ನಮ್ಮ ಪೈಕಿ ಇಟ್ಕೊಳ್ಳೋಣ ಕಣೋ ಗುಂಡ. ನಮ್ಮಮ್ಮನಿಗೆ ಎಂಬತ್ತಾರು.” ಇವರು, “ಮಂಚದ ಕೆಳಗೆ ಇಟ್ಟ ಮಷೀನು ಯಾರಿಗೂ ಉಸಿರು ಕೊಡಲ್ಲ ಬಾಲು,” ಎಂದರು. ಒಂದು ವಾರ ಇಬ್ಬರಿಗೂ ಮಾತಿಲ್ಲ.

ನಿಮ್ಮ ಫೋನ್ ಬಂದದ್ದು ಏಪ್ರಿಲ್ ಹದಿನಾಲ್ಕಕ್ಕೆ. ಗಣಿ ಆಫೀಸಿನಲ್ಲಿ ಯಜಮಾನರಿಗೆ ನೌಕರಿ, ನಾವು ಗದಗಿನವರು ಎಂದಿರಿ. ಅಂದೇ ಸಂಜೆ ಒಂದು ಮಷೀನು ಉಮರೇಡ್‌ಗೆ ಹೊರಟಿತು. ಇನ್ನೊಂದು ಆಗಲೇ ಕಾಮಠಿಯಲ್ಲಿ ಒಬ್ಬ ಅಜ್ಜಿಯ ಹತ್ತಿರ ಇತ್ತು.

ಹದಿನೇಳಕ್ಕೆ ಇವರ ಆಕ್ಸಿಜನ್ ಎಂಬತ್ತೊಂಬತ್ತಕ್ಕೆ ಇಳಿಯಿತು. ಎರಡು ದಿನದ ಜ್ವರ ಅಷ್ಟೆ. ಬೆಳಗಿನಿಂದ ಎಷ್ಟು ಆಸ್ಪತ್ರೆಗೆ ಫೋನ್ ಮಾಡಿದೆನೋ, ಎಲ್ಲೂ ಹಾಸಿಗೆ ಇಲ್ಲ. ಬಾಲಸುಬ್ರಹ್ಮಣ್ಯ ಬಾಗಿಲ ಆಚೆ ನಿಂತು, “ಹೂಂ ಅನ್ನು ಗುಂಡ, ಈಗಲೇ ಕಾರು ತಗೊಂಡು ಹೋಗಿ ತರ್ತೀನಿ,” ಎಂದರು. ಇವರು ಒಳಗಿನಿಂದ, ಒಂದೊಂದೇ ಪದ ಬಿಟ್ಟು ಬಿಟ್ಟು, “ಯಾರ ಮೂಗಿಂದ ಕೀಳ್ತೀಯ ಬಾಲು?” ಎಂದರು. ನನಗೂ, “ನೀನೂ ಕೇಳಬೇಡ,” ಎಂದರು.

ನಾನು ಕೇಳಹೊರಟೆ, ಕುಮುದಾ. ಕೇಳಲೆಂದೇ ಬಾಲ್ಕನಿಗೆ ಹೋಗಿ ನಿಮ್ಮ ನಂಬರು ಒತ್ತಿದೆ. ಮಧ್ಯಾಹ್ನದ ಬಿಸಿಲಿಗೆ ಕಂಬಿ ಕೈ ಸುಡುತ್ತಿತ್ತು. ನೀವು ಎತ್ತಿದಿರಿ. ಹಿಂದೆ ಮಷೀನಿನ ಸದ್ದು ಕೇಳುತ್ತಿತ್ತು, ಬುಸ್ ಎಂದು, ಮತ್ತೆ ತಡೆದು, ಮತ್ತೆ ಬುಸ್ ಎಂದು. ನಾನು ಬಾಯಿ ತೆಗೆಯುವ ಮೊದಲೇ ನೀವು, “ಅಕ್ಕಾರ, ಇವತ್ತ ಒಂದ ಬಟ್ಟಲ ಗಂಜಿ ಕುಡದ್ರರೀ. ಉಪ್ಪ ಕಡಿಮಿ ಆಗೇತಿ ಅಂತ ನನಗ ಬೈದ್ರು!” ಎಂದಿರಿ. ಬೈಸಿಕೊಂಡ ಖುಷಿ ನಿಮ್ಮ ದನಿಯಲ್ಲಿ ತುಳುಕುತ್ತಿತ್ತು. ನೀವೇ ಸ್ವಲ್ಪ ತಡೆದು ಕೇಳಿದಿರಿ, “ಯಾಕ್ರೀ ಅಕ್ಕಾರ, ಬ್ಯಾರೆ ಯಾರಿಗರ ಬೇಕಾಗೇತೇನ್ರೀ? ಖರೇ ಹೇಳ್ರಿ.”

“ಇಲ್ಲಮ್ಮ, ಯಾರಿಗೂ ಬೇಕಿಲ್ಲ. ಫಿಲ್ಟರ್ ತೊಳೆದ್ರಾ ಅಂತ ಕೇಳೋಣ ಅಂತ ಮಾಡ್ದೆ,” ಎಂದೆ.

ಆ ದಿನದ ದಿನಚರಿಯಲ್ಲಿ ‘ಉಮರೇಡ್‌ಗೆ ಫೋನ್’ ಎಂದಷ್ಟೇ ಬರೆದಿದ್ದೇನೆ. ಇವರಿಗೂ ಹೇಳಲಿಲ್ಲ. ಮರುದಿನ ಸಂಜೆ ಹಾಸಿಗೆ ಸಿಕ್ಕಿತು. ಇಪ್ಪತ್ತೊಂದಕ್ಕೆ ಹೋಗಿಬಿಟ್ಟರು. ಆ ಒಂದು ದಿನ ಮಷೀನು ಮನೆಯಲ್ಲಿದ್ದಿದ್ದರೆ ಉಳಿಯುತ್ತಿದ್ದರೇ ಎಂದು ಡಾಕ್ಟರನ್ನು ಕೇಳಿದೆ. “ಕಾಕೂ, ತೇ ಕುಣೀಚ ಸಾಂಗೂ ಶಕತ ನಾಹೀ,” ಎಂದರು. ಯಾರೂ ಹೇಳಲಾರರು. ಆ ಹುಡುಗ ಡಾಕ್ಟರು ಸುಳ್ಳು ಸಮಾಧಾನ ಹೇಳಲಿಲ್ಲ ಎಂದು ಈಗಲೂ ಅವನ ಮೇಲೆ ಗೌರವವಿದೆ.

ಮಾರನೇ ದಿನವೇ ನಿಮ್ಮ ಮಷೀನು ಸದರ್‌ಗೆ ವಾಪಸು ಬಂತು. ಎರಡು ದಿನ ಮುಂಚೆಯೇ ಬಂತು, ಚೆನ್ನಾಗಿ ಒರೆಸಿ ಕಳಿಸಿದ್ದಾರೆ ಎಂದು ಬಾಲಸುಬ್ರಹ್ಮಣ್ಯ ಹೇಳಿದರು. ಮುಂಚೆ ಬರಲು ಎರಡೇ ಕಾರಣ ಇರಬಹುದು ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಯಾವುದೆಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನಿಯಮ ಹಾಗಿತ್ತು.

ಈಗ ನಿಯಮ ಬದಲಾಗುವ ಹಾಗಿದೆ. ಇವರ ಜಾಗದಲ್ಲಿ ನನ್ನನ್ನು ಸದಸ್ಯೆ ಮಾಡಿದ್ದಾರೆ. ರಚನಾ ಎಂಬ ಹುಡುಗಿ ಕೆಲಸ ನೋಡಿಕೊಳ್ಳುತ್ತಾಳೆ, ಚುರುಕು, ಒಳ್ಳೆಯವಳು. “ಆಂಟಿ, ಹೊಸ ಕಂಪನಿಯವರು ಹತ್ತು ಮಷೀನ್ ಕೊಡೋಕೆ ರೆಡಿ ಇದಾರೆ. ಆದ್ರೆ ಆಗ ತಗೊಂಡವರಲ್ಲಿ ಎಷ್ಟು ಜನ ಉಳಿದ್ರು ಅಂತ ನಂಬರ್ ಬೇಕಂತೆ. ನೀವು ಫೋನ್ ಮಾಡಿದ್ರೆ ಬರೋಬರ್ ಹೇಳ್ತಾರೆ,” ಎಂದು ಪಟ್ಟಿ ಕೊಟ್ಟಳು. ಹೆಸರಿನ ಮುಂದೆ ಖಾಲಿ ಚೌಕ. ನಿಮ್ಮದು ಏಳನೇ ಹೆಸರು. ಯಾವುದನ್ನು ಕೇಳಲಾಗದೆ ನಾಲ್ಕು ವರ್ಷ ಒದ್ದಾಡಿದೆನೋ, ಅದನ್ನೇ ಕೇಳಬೇಕೆಂದು ಕೆಲಸ ಹಚ್ಚಿದರು. ಸುಳ್ಳು ಯಾಕೆ ಹೇಳಲಿ, ಮೊದಲು ಕಣ್ಣು ಹೋದದ್ದು ನಿಮ್ಮ ಹೆಸರಿನ ಮೇಲೆಯೇ.

ಸರದಿಯಂತೆ ಶುರು ಮಾಡಿದೆ. ಇಬ್ಬರು ಖುಷಿಯಿಂದ ಮಾತಾಡಿದರು. ಮೂರನೆಯದು ಕಾಮಠಿಯ ಆ ಅಜ್ಜಿಯ ಮನೆ. ಮಗ ಎಲ್ಲ ಕೇಳಿಸಿಕೊಂಡು, “ಆಂಟಿ, ಆಗ ನೀವು ಏನೂ ಕೇಳದೆ ಕೊಟ್ಟಿರಿ. ಅದನ್ನ ನಾವು ಎಲ್ಲರಿಗೂ ಹೇಳ್ಕೊಂಡು ಬಂದ್ವಿ. ಈಗ ಯಾಕೆ ಕೇಳ್ತಿದೀರ?” ಎಂದ. ಸಿಟ್ಟಿರಲಿಲ್ಲ, ನಿಜವಾಗಿ ಕೇಳಿದ. ಪಟ್ಟಿಯನ್ನು ರಚನಾಗೆ ವಾಪಸು ಕೊಟ್ಟೆ. ಎಷ್ಟು ಮನೆಗೆ, ಎಷ್ಟು ದಿನ ಕೊಟ್ಟೆವು ಎಂಬ ಲೆಕ್ಕ ಸಾಲದೇ ಎಂದು ಕಂಪನಿಯವರನ್ನು ಕೇಳು ಎಂದೆ. “ಕೇಳಿ ನೋಡ್ತೀನಿ ಆಂಟಿ. ಆಗಲ್ಲ ಅಂದ್ರೆ?” ಎಂದಳು. ಆಗಲ್ಲ ಅಂದರೆ ಹತ್ತು ಮಷೀನು ಹೋಯಿತು, ಆ ಭಾರ ನನ್ನ ಮೇಲೆ. ಇವರಿದ್ದಿದ್ದರೆ ಏನು ಮಾಡುತ್ತಿದ್ದರು ಎಂದು ಯೋಚಿಸಿದೆ. ನಿಜಕ್ಕೂ ನನಗೆ ಗೊತ್ತಾಗಲಿಲ್ಲ.

ಇಷ್ಟು ಮಾತ್ರ ಹೊಳೆಯಿತು. ಇನ್ನೊಬ್ಬರ ಮನೆಯಲ್ಲಿ ಏನಾಯಿತು ಎಂದು ಕೇಳುವವಳು ಮೊದಲು ತನ್ನ ಮನೆಯದನ್ನು ಹೇಳಬೇಕು. ಅದಕ್ಕೇ ಈ ಪತ್ರ. ಓದಿ ನೀವು ಕೊರಗಬೇಡಿ. ನೀವು ಕೇಳಿದಿರಿ, ಸುಳ್ಳು ಹೇಳಿದವಳು ನಾನು. ಆ ಬಾಲ್ಕನಿಗೆ ಇನ್ನೊಮ್ಮೆ ಹೋಗಿ ನಿಂತರೆ ಅದೇ ಸುಳ್ಳು ಹೇಳುತ್ತೇನೆಯೇ? ಕೆಲವು ದಿನ ಹೌದು ಅನಿಸುತ್ತದೆ, ಕೆಲವು ದಿನ ಇಲ್ಲ. ಆದರೆ ಉಪ್ಪು ಕಡಿಮೆ ಎಂದು ಬೈಸಿಕೊಂಡ ನಿಮ್ಮ ಆ ಖುಷಿಯನ್ನು ನಾನೇ ಕಿತ್ತುಕೊಂಡಿದ್ದರೆ ನನ್ನ ದಿನಗಳು ಹೇಗಿರುತ್ತಿದ್ದವು ಎಂಬುದನ್ನು ಮಾತ್ರ ಊಹಿಸಲೂ ಆಗುವುದಿಲ್ಲ.

ಮುಂದಿನ ವಾರದ ಗುರುವಾರ, ಹತ್ತೊಂಬತ್ತಕ್ಕೆ, ಬೆಳಿಗ್ಗೆ ಎಸ್.ಟಿ. ಬಸ್ಸಿಗೆ ಉಮರೇಡ್‌ಗೆ ಬರಬೇಕೆಂದಿದ್ದೇನೆ. ಪ್ರತಿಷ್ಠಾನದವಳಾಗಿ ಅಲ್ಲ. ಕೊಡಲು ಏನೂ ತರುವುದಿಲ್ಲ, ಕೈಯಲ್ಲಿ ಕಾಗದವೂ ಇರುವುದಿಲ್ಲ. ಬರುವುದು ಬೇಡ ಅನಿಸಿದರೆ ಅದೇ ಹಳೆಯ ನಂಬರಿಗೆ ‘ಬೇಡ’ ಎಂದು ಕಳಿಸಿ, ಕಾರಣ ಬೇಕಿಲ್ಲ. ಬರಬಹುದಾದರೆ, ನಿಮ್ಮ ಬಾಗಿಲು ಬಡಿದು ನಿಲ್ಲುತ್ತೇನೆ. ತೆಗೆಯುವವರು ನೀವಾದರೂ ಸರಿ, ಅವರಾದರೂ ಸರಿ, ಒಳಗೆ ಬಂದು ಒಂದು ಲೋಟ ನೀರು ಕುಡಿದು ಹೋಗುತ್ತೇನೆ.

ಆ ಮನೆಯಲ್ಲಿ ಈಗ ಎಷ್ಟು ಜನ ಇದ್ದೀರೋ, ಅಷ್ಟೂ ಜನ ಚೆನ್ನಾಗಿರಿ.

ಇಂತಿ ನಿಮ್ಮ ಅಕ್ಕ,
ಭಾನುಮತಿ