ಮಾವ ಮೊದಲೇ ಹಿಡಿದ ಕರಕರ

ನವೆಂಬರ್ ೧೨, ಮಂಗಳವಾರ

ಕಂಪ್ಯೂಟರ್ ಸ್ಪೀಕರಿನ ಕರಕರ ಕೊನೆಗೂ ನಿಂತಿತು. ತಪ್ಪು ನನ್ನದೇ, ಈ ಡೈರಿಯಲ್ಲಾದರೂ ಬರೆಯುತ್ತೇನೆ. ವಿಡಿಯೋ ಎಡಿಟಿಂಗ್ ಬೇಗ ಮುಗಿಯಲೆಂದು ಕಂಪ್ಯೂಟರನ್ನು ಓವರ್‌ಕ್ಲಾಕ್ ಮಾಡಿ, ಅದರ ತಾಕತ್ತು ಮೀರಿ ಓಡಿಸುತ್ತಿದ್ದೆ; ಅದಕ್ಕೇ ಸದ್ದು ಒಡೆಯುತ್ತಿತ್ತು. ಇವತ್ತು ವೇಗವನ್ನು ಮೊದಲಿನಷ್ಟಕ್ಕೇ ಇಳಿಸಿದೆ. ಸದ್ದು ತಿಳಿಯಾಯಿತು.

ಆ ಕರಕರವನ್ನು ಮೊದಲು ಹಿಡಿದವರು ಮಾವ. ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿದವರು. “ಎಲ್ಲೋ ಕರಕರ ಅಂತಿದೆಯಲ್ಲಮ್ಮ” ಅಂದಾಗ ನಾನು ಕೆಲಸದ ಸಿಟ್ಟಿನಲ್ಲಿ, “ಅದು ನಿಮ್ಮ ಕಿವಿ ಮಾವ, ವಯಸ್ಸಾಯ್ತಲ್ಲ” ಅಂದುಬಿಟ್ಟೆ. ಅವರು ನಂಬಿದರು. ರಿಪೇರಿಗೆ ಬಂದಿದ್ದ ಎರಡು ರೇಡಿಯೋಗಳನ್ನು ಮಾರನೇ ದಿನವೇ ಬಿಚ್ಚಿಯೂ ನೋಡದೆ ವಾಪಸ್ ಕೊಟ್ಟರು. ಹೋದ ವಾರ ಹೆಡ್‌ಫೋನಿನಲ್ಲಿ ಆ ಕರಕರ ನನಗೂ ಕೇಳಿಸಿತು. ಆಗಲೂ ಬಾಯಿ ಬಿಡಲಿಲ್ಲ.

ಇವತ್ತು ಹೇಳಿಬಿಡಬೇಕೆಂದು ಸಂಜೆ ಅವರನ್ನು ಕರೆದು ಕೂರಿಸಿದೆ. ಆದರೆ ಅದನ್ನು ಹೇಳುವ ಬದಲು ಬರೀ ಒಂದು ಹಾಡು ಹಾಕಿ, “ಈಗ ಕರಕರ ಇದೆಯಾ ಮಾವ?” ಎಂದೆ.

ಅವರು ಸ್ಪೀಕರಿನ ಕಡೆ ತಿರುಗಲೇ ಇಲ್ಲ. ನನ್ನ ಮುಖ ನೋಡಿದರು.

“ನಿಂಗೇನು ಕೇಳಿಸ್ತಿದೆ ಹೇಳಮ್ಮ. ಅದೇ ಸರಿ ಇರುತ್ತೆ.”