ಹನುಮಮ್ಮನಿಗೆ ಬರೆದುಕೊಟ್ಟ ‘ನಾರ್ಮಲ್’

ಸ್ತ್ರೀರೋಗ ತಪಾಸಣಾ ಶಿಬಿರದ ಮುಖ್ಯ ವೈದ್ಯಾಧಿಕಾರಿಗಳೇ,

ಕಳೆದ ವರ್ಷ, ೧೯೮೬ರ ಮಾರ್ಚ್ ತಿಂಗಳಲ್ಲಿ, ಕುಣಿಗಲ್ಲಿನ ಛತ್ರವೊಂದರಲ್ಲಿ ‘ನಾರ್ಮಲ್’ ಎಂದು ಬರೆದುಕೊಟ್ಟು ನೀವು ಮನೆಗೆ ಕಳಿಸಿದ ಹೆಂಗಸು ಸತ್ತುಹೋದಳು. ಹೆಸರು ಹನುಮಮ್ಮ, ವಯಸ್ಸು ನಲವತ್ತಮೂರು. ಕಾಯಿಲೆ, ಗರ್ಭಕೋಶದ ಬಾಯಿಯ ಕ್ಯಾನ್ಸರ್. ನಿಮಗೆ ಆಕೆಯ ನೆನಪಿರಲಾರದು. ಒಂದೇ ದಿನದಲ್ಲಿ ಇನ್ನೂರ ಹನ್ನೆರಡು ಹೆಂಗಸರನ್ನು ನೋಡಿ ಮುಗಿಸಿದ ದಕ್ಷರಿಗೆ ಒಬ್ಬಳು ಯಾಕೆ ನೆನಪಿರಬೇಕು? ಮುಂದಿನ ತಿಂಗಳು ಗುಬ್ಬಿಯಲ್ಲೂ ಅಂಥದೇ ಶಿಬಿರ ನಡೆಯಲಿದೆಯೆಂದು ಪೇಪರಿನಲ್ಲಿ ಓದಿದೆ. ಅದಕ್ಕೇ ಈ ಪತ್ರವನ್ನು ಗುಬ್ಬಿಯವರೂ ಓದುವಂತೆ ಬರೆಯುತ್ತಿದ್ದೇನೆ.

ನಾನು ಯಡಿಯೂರು ಸುತ್ತಿನ ಹಳ್ಳಿಗಳಲ್ಲಿ ಹತ್ತೊಂಬತ್ತು ವರ್ಷದಿಂದ ಆರೋಗ್ಯ ಸಹಾಯಕಿ. ಹನುಮಮ್ಮ ಯಡಿಯೂರಿನ ಹೋಟೆಲುಗಳಿಗೆ ಮುತ್ತುಗದ ಎಲೆ ಹಚ್ಚಿ ಕೊಡುತ್ತಿದ್ದಳು. ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಮತ್ತೆ ರಕ್ತ ಕಂಡಿದೆಯೆಂದು ಆಕೆ ಹೇಳಿದ್ದು ನನಗೊಬ್ಬಳಿಗೇ. ಗಂಡ ಓಬಳಯ್ಯನಿಗೂ ಹೇಳಿರಲಿಲ್ಲ. ಗರ್ಭನಿರೋಧಕ ಲೂಪ್ ಹಾಕಲು ಇಟ್ಟುಕೊಂಡಿದ್ದ, ಯೋನಿದ್ವಾರ ಅಗಲಿಸಿ ನೋಡುವ ಸ್ಪೆಕ್ಯುಲಮ್ಮಿನಿಂದ ಒಳಗೆ ನೋಡಿದೆ. ಗರ್ಭಕೋಶದ ಬಾಯಲ್ಲಿ ಹೂಕೋಸಿನಂಥ ಗಡ್ಡೆ. ಹತ್ತಿ ತಾಗಿಸಿದರೆ ಸಾಕು, ರಕ್ತ. ಕಂಡದ್ದನ್ನು ಚೀಟಿಯಲ್ಲಿ ಬರೆದು ನಿಮ್ಮ ಶಿಬಿರಕ್ಕೆ ನಾನೇ ಕರೆತಂದೆ. ದೊಡ್ಡ ಡಾಕ್ಟರು, ಹೊಸ ಸ್ಕ್ಯಾನಿಂಗ್ ಮೆಷಿನ್ನು ಎಂಬ ನಂಬಿಕೆ ನನಗೂ ಇತ್ತು.

ಮೂತ್ರಕೋಶ ತುಂಬಿರಬೇಕೆಂದು ಹೆಂಗಸರಿಗೆಲ್ಲ ಬೆಳಿಗ್ಗೆಯೇ ಚೆಂಬುಗಟ್ಟಲೆ ನೀರು ಕುಡಿಸಿ ಸಾಲಿನಲ್ಲಿ ಕೂರಿಸಿದಿರಿ. ನೀವು ಬಂದದ್ದು ಹನ್ನೊಂದೂವರೆಗೆ. ಬಂದವರು ಮೊದಲು ಮೆಷಿನ್ನಿನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡಿರಿ. ತಡೆಯಲಾಗದೆ ಮುದುಕಿಯೊಬ್ಬಳು ಕೂತಲ್ಲೇ ಒದ್ದೆ ಮಾಡಿಕೊಂಡಾಗ ನಿಮ್ಮ ಕಡೆಯವರು ನಕ್ಕರು. ಹನುಮಮ್ಮನ ಸರದಿ ಬಂದಾಗ ಹೊಟ್ಟೆಗೆ ಅಂಟು ಸವರಿ ಎರಡು ನಿಮಿಷ ಉಜ್ಜಿದಿರಿ, ‘ನಾರ್ಮಲ್’ ಎಂದು ಬರೆದಿರಿ. ನನ್ನ ಚೀಟಿಯನ್ನು ಬಿಡಿಸಿ ಕೂಡ ನೋಡಲಿಲ್ಲ.

“ಸಾರ್, ಒಳಗಿಂದ ಒಂದ್ಸಲ ನೋಡ್ಬಿಡಿ. ಪಕ್ಕದ ರೂಮಲ್ಲಿ ಮಂಚ ಐತೆ, ಸ್ಪೆಕ್ಯುಲಮ್ಮು ನಾನೇ ತಂದಿದೀನಿ” ಎಂದೆ.

“ಮೆಷಿನ್ಗೆ ಕಾಣ್ದೇ ಇರೋದು ನಿನ್ನ ಕಣ್ಣಿಗೆ ಕಾಣುತ್ತೇನಮ್ಮ? ಹಂಗಾದ್ರೆ ನೀನೇ ಈ ಕುರ್ಚೀಲಿ ಕೂತ್ಕೊ, ನಾನು ಹಳ್ಳಿ ಮೇಲೆ ಮಾತ್ರೆ ಹಂಚ್ಕೊಂಡು ಬರ್ತೀನಿ” ಎಂದಿರಿ. ಎಲ್ಲರೂ ನಕ್ಕರು. ಪಾಪ, ಹನುಮಮ್ಮನೂ ನಕ್ಕಳು. ಅವಳ ಪಾಲಿಗೆ ಅದು ಸಂತೋಷದ ದಿನ.

ಮರುವಾರ ನನಗೆ ಮೆಮೊ ಬಂತು. ವೈದ್ಯರ ಅಭಿಪ್ರಾಯ ಮೀರಿ ರೋಗಿಯಲ್ಲಿ ಅನಗತ್ಯ ಭಯ ಹುಟ್ಟಿಸಿದೆನಂತೆ. ಕ್ಷಮಾಪಣೆ ಬರೆದುಕೊಟ್ಟೆ. ಕೆಲಸ ಹೋದರೆ ಮನೆ ನಡೆಯುವುದಿಲ್ಲ, ಬರೆದುಕೊಟ್ಟೆ. ಆಮೇಲೆ ಎರಡು ತಿಂಗಳು ಹನುಮಮ್ಮನ ಬೀದಿಗೇ ಕಾಲಿಡಲಿಲ್ಲ. ನಿಮ್ಮನ್ನು ಬಯ್ಯುವ ಈ ಪತ್ರದಲ್ಲಿ ಇದನ್ನು ಬಚ್ಚಿಟ್ಟರೆ ನಾನೂ ನಿಮ್ಮಂಥವಳೇ ಆಗುತ್ತೇನೆ.

ಕೊನೆಗೆ ಮನಸ್ಸು ತಡೆಯದೆ ಹೋದೆ. ಬೆಂಗಳೂರಿಗೆ ಹೋಗೋಣ, ಚೂರು ಮಾಂಸ ತೆಗೆದು ಪರೀಕ್ಷೆ ಮಾಡುತ್ತಾರೆ ಎಂದೆ. ನಿಮ್ಮ ಕಾಗದವನ್ನು ಆಕೆ ದೇವರ ಪಟದ ಹಿಂದಿನಿಂದ ತೆಗೆದು ತೋರಿಸಿದಳು. “ಅಂಥಾ ಮಿಸಿನ್ನೇ ಏನಿಲ್ಲ ಅಂದದೆ, ನೀನ್ಯಾಕ್ ನರ್ಸಮ್ಮ ಹಿಂಗೆ ಹೆದ್ರುಸ್ತೀಯ? ಬುಡು, ಉಷ್ಣ ಆಗದೆ ಅಷ್ಟೇಯ.” ಸ್ವಾಮಿ, ನಿಮ್ಮ ಅಕ್ಷರಕ್ಕೆ ಎಷ್ಟು ಶಕ್ತಿ ನೋಡಿ. ಕಣ್ಣಾರೆ ಕಾಣುತ್ತಿದ್ದ ರಕ್ತಕ್ಕಿಂತ ಅದನ್ನೇ ಆಕೆ ನಂಬಿದಳು.

ನವೆಂಬರಿನಲ್ಲಿ ಮೂತ್ರ ಕಟ್ಟಿ, ಮುಖ ಊದಿಕೊಂಡ ಮೇಲೆ ಓಬಳಯ್ಯನೇ ನನ್ನ ಬಾಗಿಲಿಗೆ ಬಂದ. ಬೆಂಗಳೂರಿನಲ್ಲಿ ಲೇಡಿ ಡಾಕ್ಟರೊಬ್ಬರು ಒಳಗೆ ನೋಡಿ ಕೈಗವಸು ತೆಗೆದರು. ನಾನು ನಿಮ್ಮ ಕಾಗದ ಮುಂದೆ ಇಟ್ಟೆ.

“ಹೊಟ್ಟೆ ಮೇಲಿಂದ ಸ್ಕ್ಯಾನ್ ಮಾಡಿದ್ರೆ ಗರ್ಭಕೋಶದ ಬಾಯಲ್ಲಿರೋ ಗಡ್ಡೆ ಎಷ್ಟೋ ಸಲ ಕಾಣೋದೇ ಇಲ್ಲಮ್ಮ. ಮೊದಲು ಕಣ್ಣಲ್ಲಿ ನೋಡ್ಬೇಕು, ಬೆರಳಲ್ಲಿ ಮುಟ್ಟಿ ನೋಡ್ಬೇಕು, ಚೂರು ತೆಗೆದು ಪರೀಕ್ಷೆಗೆ ಕಳಿಸ್ಬೇಕು. ಸ್ಕ್ಯಾನು ಆಮೇಲೆ, ಎಷ್ಟು ದೂರ ಹೋಗಿದೆ ನೋಡೋಕೆ” ಎಂದರು. ಆಮೇಲೆ ಸ್ಕ್ಯಾನ್ ಮಾಡಿದರು. ಮೂತ್ರನಾಳಗಳು ಕಟ್ಟಿಹೋಗಿ ಮೂತ್ರಪಿಂಡಗಳೆರಡೂ ಊದಿಕೊಂಡದ್ದು ಸ್ಪಷ್ಟವಾಗಿ ಕಂಡಿತು. ಯಂತ್ರ ಆ ದಿನ ತನ್ನ ಕೆಲಸವನ್ನು ಚೆನ್ನಾಗಿ ಮಾಡಿತು. ಅದರ ಮೇಲೆ ನನಗೆ ಯಾವ ದೂರೂ ಇಲ್ಲ. ಅದು ಪದವಿ ಪಡೆದಿಲ್ಲ, ಪ್ರಮಾಣ ಮಾಡಿಲ್ಲ.

ಸಂಕ್ರಾಂತಿಗೆ ಆರು ದಿನ ಮುಂಚೆ ಹನುಮಮ್ಮ ಹೋದಳು. ಕೊನೆಯ ವಾರಗಳಲ್ಲಿ ವಾಸನೆಗೆ ಹೆದರಿ ಒಡಹುಟ್ಟಿದವರೂ ಹೊಸ್ತಿಲು ದಾಟುತ್ತಿರಲಿಲ್ಲ. ಬಟ್ಟೆ ಬದಲಿಸುತ್ತಿದ್ದಾಗ ಒಮ್ಮೆ ಕೇಳಿದಳು: “ನಿಂಗೆ ಅವತ್ತೇ ಗೊತ್ತಿತ್ತಾ?” ಹೂಂ ಎಂದೆ. ಗೋಡೆಯ ಕಡೆ ತಿರುಗಿಕೊಂಡಳು. ಸಾಯುವವರೆಗೆ ನನ್ನೊಡನೆ ಮಾತಾಡಲಿಲ್ಲ.

ನಿಮ್ಮ ಶಿಬಿರದ ವರದಿಯಲ್ಲಿ ಕ್ಯಾನ್ಸರ್ ಸಂಖ್ಯೆ ಸೊನ್ನೆಯಂತೆ. ಅಭಿನಂದನೆಗಳು. ಒಬ್ಬರನ್ನೂ ಒಳಗೆ ನೋಡದೆ ಸಾಧಿಸಿದ ಸೊನ್ನೆ ಅದು. ಒಬ್ಬೊಬ್ಬರಿಗೆ ಐದು ನಿಮಿಷ, ಒಂದು ಪರದೆ, ಒಂದು ಟಾರ್ಚು ಇಷ್ಟೇ ತಾನೆ ಬೇಕಿದ್ದದ್ದು? ಅವುಗಳ ಪಕ್ಕ ನಿಂತರೆ ಫೋಟೋ ಚೆನ್ನಾಗಿ ಬರುವುದಿಲ್ಲವೇ?

ನನ್ನ ಬೇಡಿಕೆ ಇದು. ಉಳಿದ ಇನ್ನೂರ ಹನ್ನೊಂದು ಜನರನ್ನೂ ವಾಪಸ್ಸು ಕರೆಸಿ ಪರೀಕ್ಷಿಸಿ. ಅದು ಮುಗಿಯುವವರೆಗೆ ಗುಬ್ಬಿಗೆ ಹೋಗಬೇಡಿ. ನನ್ನ ಹಳ್ಳಿಗಳಿಂದ ಬಂದಿದ್ದ ಒಂಬತ್ತು ಜನರನ್ನು ಹೋದ ವಾರ ನಾನೇ ಕರೆದು ನೋಡಿದೆ. ಎಂಟು ಜನಕ್ಕೆ ಏನೂ ಕಾಣಲಿಲ್ಲ. ಒಬ್ಬಳಿಗೆ ಗರ್ಭಕೋಶದ ಬಾಯಲ್ಲಿ ಗಾಯವಿದೆ, ಇನ್ನೂ ಸಣ್ಣದು. ವಯಸ್ಸು ಮೂವತ್ತೆಂಟು. “ದೊಡ್ಡ ಡಾಕ್ಟ್ರು ಬರ್ದವ್ರಲ್ಲ, ಸುಳ್ಳು ಬರೀತಾರಾ?” ಎಂದು ಕೇಳಿದಳು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅವಳನ್ನು ತುಮಕೂರಿನ ನಿಮ್ಮ ಕಚೇರಿಗೆ ಕರೆತರುತ್ತೇನೆ. ಅವಳಿಗೆ ಉತ್ತರ ನೀವೇ ಹೇಳಿ.

ಇಂತಿ,
ತಡವಾಗಿ ಬಾಯಿ ಬಿಟ್ಟ
ಲಕ್ಷ್ಮೀದೇವಮ್ಮ
ಆರೋಗ್ಯ ಸಹಾಯಕಿ, ಕುಣಿಗಲ್ ತಾಲ್ಲೂಕು