ಎಡುರ್ನೆ ಎಂದರೆ ಹಿಮ

ಇಟುರೊಂಡೊ ಮನೆ
೬ ಫೆಬ್ರವರಿ ೧೯೪೦

ಪ್ರೀತಿಯ ಚೊಮಿನ್,

ಈ ಪತ್ರವನ್ನು ಗಡಿಯಾಚೆ ನಿಮ್ಮ ಕಡೆಗೆ ಹೋಗುವವರ ಕೈಗೆ ಮುಟ್ಟಿಸುತ್ತೇನೆಂದು ಮೀನು ಮಾರುವ ಕಟಾಲಿನ್ ಹೇಳಿದ್ದಾಳೆ. ಅಂಚೆಗೆ ಹಾಕಿದರೆ ಒಡೆದು ಓದುತ್ತಾರೆ. ಅತ್ತೆ ಆರೋಗ್ಯವಾಗಿದ್ದಾರೆ. ಕೆಂಪು ಹಸು ಕರು ಹಾಕಿದೆ.

ಮಗಳ ಹೆಸರಿನ ವಿಷಯ ಕೇಳಿದ್ದೀರಿ. ನೀವು ಹುಲ್ಲಿನಟ್ಟದಲ್ಲಿ ಅಡಗಿದ್ದಾಗ, ನಮ್ಮ ಮದುವೆಯ ದಿನ ಓಯ್ಸ್ ಬೆಟ್ಟದ ಮೇಲೆ ಬಿದ್ದಿದ್ದ ಹಿಮವನ್ನು ನೆನೆದು ಹೇಳಿದ ಎಡುರ್ನೆ ಎಂಬ ಹೆಸರನ್ನೇ ಇಟ್ಟೆ. ಅತ್ತೆ ನಕ್ಕರು. "ಎಡುರ್ ಅಂದ್ರೆ ಹಿಮ, ಅದು ಗೊತ್ತು. ಅದಕ್ಕೊಂದು ಬಾಲ ಕಟ್ಟಿ ಹುಡುಗೀರಿಗೆ ಇಟ್ಟಿದ್ದು ನನ್ನ ಕಾಲದ ಓದಿದೋರು. ನಮ್ಮಜ್ಜಿ ಕಾಲದಲ್ಲಿ ಎಲ್ಲಾರೂ ಮರಿಯಾನೇ ಕಣೇ" ಅಂದರು. ಆದರೂ ತೊಟ್ಟಿಲು ತೂಗುವಾಗ ಅದೇ ಹೆಸರು ಹಿಡಿದು ಕರೆಯುತ್ತಿದ್ದರು.

ಜ್ಞಾನಸ್ನಾನಕ್ಕೆಂದು ಚರ್ಚಿಗೆ ಒಯ್ದಾಗ ಹೊಸ ಪಾದ್ರಿ ಮಾತ್ರ ಆ ಹೆಸರು ಒಪ್ಪಲಿಲ್ಲ. ಸ್ಪ್ಯಾನಿಷ್‌ನಲ್ಲಿ ನಿಯೆವೆಸ್ ಎಂದಿದೆಯಲ್ಲ, ಎರಡಕ್ಕೂ ಅರ್ಥ ಒಂದೇ, ಅದನ್ನಿಡು ಎಂದರು. "ಅರ್ಥ ಒಂದೇ ಆದ್ರೆ ನಮ್ಮದೇ ಇರ್ಲಿ ಸ್ವಾಮಿ" ಎಂದೆ. "ನಿಮ್ಮ ಭಾಷೆ ಹೆಸರನ್ನ ಈಗ ಬರೆಯೋ ಹಾಗಿಲ್ಲಮ್ಮ, ಸರ್ಕಾರದ ಆಜ್ಞೆ. ನಿನ್ನ ಗಂಡ ಎಲ್ಲಿದಾನೆ ಅಂತ ನಾನೇನಾದ್ರೂ ಕೇಳಿದ್ನಾ?" ಎಂದರು. ಜ್ಞಾನಸ್ನಾನ ಮಾಡಿಸದೆಯೇ ಮಗುವನ್ನು ಶಾಲಿನಲ್ಲಿ ಸುತ್ತಿಕೊಂಡು ವಾಪಸು ಬಂದೆ.

ದಾರಿಯುದ್ದಕ್ಕೂ ಅತ್ತೆ ಬೈದರು. "ತಲೆಗೆ ನೀರು ಬೀಳ್ದೆ ಕೂಸು ಹೋದ್ರೆ ಚರ್ಚಿನ ಮಣ್ಣು ಸಿಗಲ್ಲ. ಮನೆ ಸೂರಿನ ಕೆಳಗೆ ನಾವೇ ಅಗೀಬೇಕು. ಆಗ ನಿನ್ನ ಹೆಸರನ್ನ ಯಾರಿಗೆ ಹೊದಿಸ್ತೀಯ?" ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನೀವು ಬರುವವರೆಗೆ, ಇಲ್ಲವೇ ನಮ್ಮ ಹಳೆಯ ಪಾದ್ರಿಯನ್ನು ಸೆರೆಯಿಂದ ಬಿಡುವವರೆಗೆ ಕಾಯುತ್ತೇನೆ ಎಂದೆ. ಮಗು ಗಟ್ಟಿಯಾಗಿತ್ತು. ಹಾಲು ಕುಡಿಯುವಾಗ ನನ್ನ ಹೆಬ್ಬೆರಳು ಬಿಡುತ್ತಿರಲಿಲ್ಲ.

ಮಗಳಿಗೆಂದು ನೀವು ತೆಗೆದಿಟ್ಟಿರುವ ಉಣ್ಣೆ ಟೋಪಿ ಕಳಿಸಬೇಡಿ. ಅಲ್ಲೇ ಯಾರ ಮಗುವಿಗಾದರೂ ಕೊಡಿ. ನೀವೂ ಬರಬೇಡಿ; ಗಡಿಯಲ್ಲಿ ಹಿಡಿಯುತ್ತಿದ್ದಾರೆ. ಬಂದು ನೋಡುವಂಥದ್ದು ಇಲ್ಲಿ ಏನೂ ಇಲ್ಲ.

ನಿಮ್ಮ
ಬೆನಿಟಾ

ತಾ.ಕ.: ಜ್ವರವಿರಲಿಲ್ಲ. ನಿದ್ದೆಯಲ್ಲೇ ಹೋದಳು. ಬೆಳಿಗ್ಗೆ ಎತ್ತಿಕೊಂಡಾಗ ತಣ್ಣಗಿದ್ದಳು. ಅಡುಗೆಮನೆಯ ಗೋಡೆಯಾಚೆ, ಸೂರಿನ ನೀರು ಬೀಳುವ ಕಡೆ ಅತ್ತೆಯೇ ಅಗೆದರು. ಬೈಯಲಿಲ್ಲ. ಪಾದ್ರಿಯ ಪುಸ್ತಕದಲ್ಲಿ ಅವಳು ಹುಟ್ಟಿದ್ದೂ ಇಲ್ಲ, ಸತ್ತದ್ದೂ ಇಲ್ಲ. ಮೊನ್ನೆ ಹಿಮ ಬಿತ್ತು. ಮಾಡಿನ ಮೇಲಿದ್ದದ್ದು ಈಗ ಕರಗಿ ಅವಳ ಮೇಲೆ ತೊಟ್ಟಿಕ್ಕುತ್ತಿದೆ. ಒಳಗೆ ಕುಳಿತು ಕೇಳುತ್ತಿದ್ದೇನೆ.